ಒಂದೇ ಇನ್ಸುಲಿನ್, ಎರಡು ಡಬ್ಬಿ: ಅಮೆರಿಕದ ಔಷಧ ಮಧ್ಯವರ್ತಿಗಳನ್ನು ಅಂಕೆಗೆ ತರುವ ಯತ್ನ

2021ರ ನವೆಂಬರ್‌ನಲ್ಲಿ, ಬೆಂಗಳೂರಿನ ಬಯೋಕಾನ್ ಬಯಾಲಜಿಕ್ಸ್ ರೂಪಿಸಿ ತಯಾರಿಸಿದ ಇನ್ಸುಲಿನ್ ಗ್ಲಾರ್ಜಿನ್ ಅಮೆರಿಕದ ಮಾರುಕಟ್ಟೆಗೆ ಎರಡು ಬೇರೆ ಬೇರೆ ಡಬ್ಬಿಗಳಲ್ಲಿ ಬಂತು. ಮಾರಾಟದ ಹೊಣೆ ಆಗ ವಿಯಾಟ್ರಿಸ್ ಕಂಪನಿಯದು. ಒಂದು ಡಬ್ಬಿಯ ಮೇಲೆ ‘ಸೆಮ್‌ಗ್ಲೀ’ ಎಂಬ ಬ್ರ್ಯಾಂಡ್ ಹೆಸರಿತ್ತು. ಐದು ಚುಚ್ಚುಮದ್ದಿನ ಪೆನ್ನುಗಳಿದ್ದ ಅದರ ಪಟ್ಟಿ ಬೆಲೆ, ಅಂದರೆ ರಿಯಾಯಿತಿಗೆ ಮೊದಲು ಕಂಪನಿ ಘೋಷಿಸುವ ಬೆಲೆ, 404.04 ಡಾಲರ್. ಇನ್ನೊಂದರ ಮೇಲೆ ಬ್ರ್ಯಾಂಡ್ ಇರಲಿಲ್ಲ, ಔಷಧದ ಹೆಸರಷ್ಟೇ ಇತ್ತು. ಅದೂ ಐದೇ ಪೆನ್ನು, ಬೆಲೆ 147.98 ಡಾಲರ್. ಒಳಗಿನ ಔಷಧ ಒಂದೇ, ಪ್ರಮಾಣವೂ ಒಂದೇ.

ಒಂದೇ ಗದ್ದೆಯ ಅಕ್ಕಿಯನ್ನು ಎರಡು ಚೀಲಕ್ಕೆ ತುಂಬಿ ಒಂದರ ಮೇಲೆ ಎರಡೂಮುಕ್ಕಾಲು ಪಟ್ಟು ಬೆಲೆ ಬರೆದಿಟ್ಟರೆ ನಮ್ಮ ಯಾವ ಸಂತೆಯಲ್ಲಿಯೂ ಅಗ್ಗದ ಚೀಲವೇ ಮೊದಲು ಖಾಲಿಯಾಗುತ್ತದೆ. ಅಮೆರಿಕದಲ್ಲಿ ಹಾಗಾಗಲಿಲ್ಲ. ಅಲ್ಲಿನ ಮೂರು ದೊಡ್ಡ ಔಷಧ ಮಧ್ಯವರ್ತಿ ಸಂಸ್ಥೆಗಳಲ್ಲಿ ಒಂದಾದ ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್, ವಿಮೆ ಸಿಗುವ ಔಷಧಗಳ 2022ರ ತನ್ನ ರಾಷ್ಟ್ರೀಯ ಆದ್ಯತಾ ಪಟ್ಟಿಗೆ ಆರಿಸಿಕೊಂಡದ್ದು ದುಬಾರಿ ಡಬ್ಬಿಯನ್ನು. ಇದು ಯಾರೋ ಗುಮಾಸ್ತನ ಕಣ್ತಪ್ಪಿನಿಂದ ಆದದ್ದಲ್ಲ. ಹೀಗೆಯೇ ಆಗುತ್ತದೆಂದು ತಿಳಿದೇ ವಿಯಾಟ್ರಿಸ್ ಎರಡು ಡಬ್ಬಿ ಮಾಡಿತ್ತು. ಕೀಲುನೋವಿನ ಹುಮಿರಾ ಔಷಧಕ್ಕೆ ಪ್ರತಿಯಾಗಿ, ಅದನ್ನೇ ಹೋಲುವಂತೆ ಬೇರೆ ಕಂಪನಿಗಳು ಮಾಡಿ 2023ರಲ್ಲಿ ತಂದ ಬಯೋಸಿಮಿಲರ್‌ಗಳಲ್ಲಿಯೂ ಇದೇ ಆಟ ಮುಂದುವರಿಯಿತು. ಬಯೋಕಾನ್‌ನ ಹುಲಿಯೋ ಕೂಡ ಎರಡು ಬೆಲೆಯಲ್ಲಿಯೇ ಬಂತು: ಒಂದು ಮೂಲ ಔಷಧಕ್ಕಿಂತ ಶೇ. 5ರಷ್ಟು ಕಡಿಮೆ, ಮತ್ತೊಂದು ಶೇ. 85ರಷ್ಟು ಕಡಿಮೆ. ಕಡಿಮೆ ಬೆಲೆಯೇ ಮಾರಾಟಕ್ಕೆ ಅಡ್ಡಿಯಾಗುವ ಇಂಥ ಮಾರುಕಟ್ಟೆ ಹೇಗೆ ಹುಟ್ಟಿತೆಂದು ತಿಳಿಯದೆ, ಅದಕ್ಕೆ ಕಡಿವಾಣ ಹಾಕಲು ಅಮೆರಿಕದ ರಾಜ್ಯಗಳೂ ಒಕ್ಕೂಟ ಸರ್ಕಾರವೂ ಮಾಡುತ್ತಿರುವ ಕಾನೂನುಗಳು ಅರ್ಥವಾಗುವುದಿಲ್ಲ.

ಈ ಮಧ್ಯವರ್ತಿಗಳಿಗೆ ಅಲ್ಲಿ ಫಾರ್ಮಸಿ ಬೆನಿಫಿಟ್ ಮ್ಯಾನೇಜರ್ ಎಂದು ಹೆಸರು, ಬಳಕೆಯಲ್ಲಿ ಪಿಬಿಎಂ. 1960ರ ದಶಕದ ಕೊನೆಯಲ್ಲಿ ಇವು ಶುರುವಾದಾಗ ಕೆಲಸ ಬಹಳ ಸರಳವಾಗಿತ್ತು. ವಿಮೆಯಲ್ಲಿ ಔಷಧವೂ ಸೇರಿದ ಮೇಲೆ ಲಕ್ಷಾಂತರ ಸಣ್ಣ ಸಣ್ಣ ಬಿಲ್ಲುಗಳು ಬರತೊಡಗಿದವು. ಅವುಗಳನ್ನು ಪರಿಶೀಲಿಸಿ ಅಂಗಡಿಗೆ ಹಣ ಕಳಿಸುವ ಗುಮಾಸ್ತಗಿರಿ ಇವರದಾಗಿತ್ತು. ಆದರೆ ಕೋಟ್ಯಂತರ ರೋಗಿಗಳ ಬಿಲ್ಲು ಯಾರ ಕೈಯಲ್ಲಿ ಹಾದುಹೋಗುತ್ತದೋ ಅವರಿಗೆ ಚೌಕಾಸಿಯ ಬಲವೂ ಬರುತ್ತದೆ. ಯಾವ ಔಷಧಕ್ಕೆ ವಿಮೆ ಸಿಗಬೇಕು, ಯಾವುದಕ್ಕೆ ಸಿಗಬಾರದು, ಯಾವುದಕ್ಕೆ ರೋಗಿ ಹೆಚ್ಚು ಪಾಲು ಕೊಡಬೇಕು ಎಂಬ ಪಟ್ಟಿಯನ್ನು, ಅಂದರೆ ಫಾರ್ಮುಲರಿಯನ್ನು, ಬರೆಯುವ ಅಧಿಕಾರ ಕ್ರಮೇಣ ಇವರ ಪಾಲಾಯಿತು. ‘ನಿಮ್ಮ ಔಷಧವನ್ನು ಪಟ್ಟಿಯ ಮೇಲ್ಸಾಲಿನಲ್ಲಿ ಇಡುತ್ತೇವೆ, ಪ್ರತಿಯಾಗಿ ಎಷ್ಟು ಬಿಡುತ್ತೀರಿ?’ ಎಂದು ಕಂಪನಿಗಳನ್ನು ಕೇಳುವುದೇ ಮುಖ್ಯ ವ್ಯವಹಾರವಾಯಿತು. ಹೀಗೆ ಬಿಡುವ ಹಣಕ್ಕೆ ರಿಬೇಟ್ ಎನ್ನುತ್ತಾರೆ. ಅದು ಅಂಗಡಿಯ ಗಲ್ಲಾದ ಮುಂದೆ ಸಿಗುವ ರಿಯಾಯಿತಿಯಲ್ಲ. ಮಾರಾಟವಾದ ಎಷ್ಟೋ ದಿನಗಳ ನಂತರ, ರೋಗಿಯ ಕಣ್ಣಿಗೆ ಬೀಳದಂತೆ, ಕಂಪನಿಯಿಂದ ಪಿಬಿಎಂಗೆ ಸಂದಾಯವಾಗುವ ಹಣ.

ಇಂದು ಅಮೆರಿಕದಲ್ಲಿ ವೈದ್ಯರ ಚೀಟಿಯ ಮೇಲೆ ಕೊಡುವ ಔಷಧಗಳಲ್ಲಿ ಸುಮಾರು ಶೇ. 80ರಷ್ಟು ಸಿವಿಎಸ್ ಕೇರ್‌ಮಾರ್ಕ್, ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್ ಮತ್ತು ಆಪ್ಟಮ್ ಆರ್‌ಎಕ್ಸ್ ಎಂಬ ಮೂರೇ ಸಂಸ್ಥೆಗಳ ಮೂಲಕ ಸಾಗುತ್ತವೆ ಎಂದು ವ್ಯಾಪಾರದಲ್ಲಿ ನ್ಯಾಯವಾದ ಪೈಪೋಟಿ ಇದೆಯೇ ಎಂದು ನೋಡುವ ಅಲ್ಲಿನ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2024ರ ಜುಲೈನ ಮಧ್ಯಂತರ ವರದಿಯಲ್ಲಿ ಹೇಳಿದೆ. ಮೂರೂ ಸ್ವತಂತ್ರವಾಗಿಲ್ಲ. ಕೇರ್‌ಮಾರ್ಕ್, ಏಟ್ನಾ ವಿಮಾ ಕಂಪನಿ ಮತ್ತು ಸಾವಿರಾರು ಸಿವಿಎಸ್ ಔಷಧದಂಗಡಿಗಳು ಒಂದೇ ಮನೆಯವು; ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್ ಸಿಗ್ನಾ ವಿಮಾ ಸಮೂಹದ್ದು; ಆಪ್ಟಮ್ ಯುನೈಟೆಡ್‌ಹೆಲ್ತ್‌ನದು. ವಿಮೆ ಮಾರುವವರು, ಔಷಧದ ಪಟ್ಟಿ ಬರೆಯುವವರು, ಔಷಧವನ್ನು ಕೈಗಿಡುವವರು ಒಂದೇ ಕುಟುಂಬದವರಾದರೆ ಯಾವ ಹಂತದಲ್ಲಿ ಎಷ್ಟು ಉಳಿಯಿತೆಂದು ಹೊರಗಿನವರಿಗೆ ಲೆಕ್ಕ ಸಿಗುವುದು ಕಷ್ಟ.

ಈಗ ಆ ಎರಡು ಡಬ್ಬಿಗಳಿಗೆ ಮರಳೋಣ. ಗುಟ್ಟಿನ ಒಪ್ಪಂದಗಳ ನಿಜವಾದ ಅಂಕಿ ಬಹಿರಂಗವಾಗುವುದಿಲ್ಲವಾದ್ದರಿಂದ, ಲೆಕ್ಕದ ಸಲುವಾಗಿ ಒಂದು ಔಷಧದ ಪಟ್ಟಿ ಬೆಲೆ 400 ಡಾಲರ್, ರಿಬೇಟ್ 260 ಎಂದುಕೊಳ್ಳೋಣ. ಇನ್ನೊಂದರ ಬೆಲೆ ನೇರವಾಗಿ 140, ರಿಬೇಟ್ ಇಲ್ಲ. ತಯಾರಿಸಿದ ಕಂಪನಿಗೆ ಎರಡರಲ್ಲಿಯೂ ಕೈಗೆ ಬರುವುದು 140 ಡಾಲರೇ. ಆದರೆ ಪಿಬಿಎಂನ ಶುಲ್ಕ ಪಟ್ಟಿ ಬೆಲೆಯ ಇಂತಿಷ್ಟು ಶೇಕಡ ಎಂದೋ, ರಿಬೇಟಿನ ಇಂತಿಷ್ಟು ಪಾಲು ಎಂದೋ ನಿಗದಿಯಾಗಿದ್ದರೆ ಮೊದಲನೆಯ ಡಬ್ಬಿಯಲ್ಲಿ ಅದಕ್ಕೆ ಆದಾಯವಿದೆ, ಎರಡನೆಯದರಲ್ಲಿ ಬಹಳ ಕಡಿಮೆ ಅಥವಾ ಏನೂ ಇಲ್ಲ. ವಿಮಾ ಕಂಪನಿಗೂ ಮೊದಲನೆಯದೇ ಇಷ್ಟ, ಏಕೆಂದರೆ ರಿಬೇಟಿನ ದೊಡ್ಡ ಭಾಗ ಅದಕ್ಕೆ ಹೋಗುತ್ತದೆ. ಉಳಿದವನು ರೋಗಿ. ಅವನ ಪಾಲು ಲೆಕ್ಕವಾಗುವುದು ರಿಬೇಟಿಗೆ ಮೊದಲಿನ ಬೆಲೆಯ ಮೇಲೆ. ಶೇ. 25ರಷ್ಟನ್ನು ತಾನೇ ಕೊಡಬೇಕಾದವನಿಗೆ ಮೊದಲ ಡಬ್ಬಿಯಲ್ಲಿ 100 ಡಾಲರ್, ಎರಡನೆಯದರಲ್ಲಿ 35. ವಿಮೆಯ ಡಿಡಕ್ಟಿಬಲ್ ಇನ್ನೂ ಮುಗಿಯದವನಿಗೆ, ಅಂದರೆ ವರ್ಷದ ಮೊದಲ ಇಷ್ಟು ಸಾವಿರ ಡಾಲರನ್ನು ಸ್ವಂತ ಜೇಬಿನಿಂದಲೇ ಕೊಡಬೇಕಾದವನಿಗೆ, 400 ಮತ್ತು 140. ವಿಮೆಯೇ ಇಲ್ಲದವನ ಪಾಡೂ ಅದೇ.

ಅಲ್ಲಿ ನೆಲೆಸಿದ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಡಿಡಕ್ಟಿಬಲ್ ಸಾಮಾನ್ಯವಾಗಿ ಜನವರಿಗೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಡಿಸೆಂಬರ್‌ನಲ್ಲಿ ಕೆಲವೇ ಡಾಲರ್‌ಗೆ ಸಿಕ್ಕ ಅದೇ ಇನ್‌ಹೇಲರಿಗೆ ಜನವರಿ ಮೊದಲ ವಾರ ಕೌಂಟರಿನವರು ನೂರಾರು ಡಾಲರ್ ಹೇಳಿದಾಗ, ಸಾಲಿನಲ್ಲಿ ಹಿಂದೆ ನಿಂತವರ ಎದುರು ‘ಇರಲಿ, ಆಮೇಲೆ ಬರುತ್ತೇನೆ’ ಎಂದು ಪಕ್ಕಕ್ಕೆ ಸರಿಯುವವರಿದ್ದಾರೆ. ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೋ ಡಲ್ಲಾಸ್‌ಗೋ ಹೊರಟ ತಾಯಂದಿರ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಡಬ್ಬಿಯ ಪಕ್ಕದಲ್ಲಿ ಆರು ತಿಂಗಳಿಗಾಗುವಷ್ಟು ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಜೊತೆಗೆ ವೈದ್ಯರ ಚೀಟಿ ಇರುವುದೂ ಇದೇ ಕಾರಣಕ್ಕೆ.

ಇನ್ಸುಲಿನ್ನಿನ ಕತೆಯಲ್ಲಿ ಈ ಲೆಕ್ಕಾಚಾರ ಎಷ್ಟು ದೂರ ಹೋಗಬಹುದೆಂದು ಕಾಣುತ್ತದೆ. ಟೊರಾಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದವರು 1923ರಲ್ಲಿ ಅದರ ಪೇಟೆಂಟನ್ನು ವಿಶ್ವವಿದ್ಯಾಲಯಕ್ಕೆ ತಲಾ ಒಂದೊಂದು ಡಾಲರಿಗೆ ಬಿಟ್ಟುಕೊಟ್ಟಿದ್ದರು. ಎಲಿ ಲಿಲಿ ಕಂಪನಿಯ ಹುಮಲಾಗ್ ಎಂಬ ಇನ್ಸುಲಿನ್ನಿನ ಒಂದು ಬಾಟಲಿಯ ಪಟ್ಟಿ ಬೆಲೆ 1999ರಲ್ಲಿ 21 ಡಾಲರ್ ಇದ್ದದ್ದು 2017ರ ಹೊತ್ತಿಗೆ 274 ಡಾಲರ್ ದಾಟಿತು. ಆ ಹದಿನೆಂಟು ವರ್ಷಗಳಲ್ಲಿ ಬಾಟಲಿಯೊಳಗೆ ಬದಲಾದದ್ದೇನೂ ಇಲ್ಲ. ಬದಲಾದದ್ದು ಪಟ್ಟಿಯಲ್ಲಿ ಉಳಿಯಲು ತೆರಬೇಕಾದ ಕಪ್ಪ. ಸೆನೆಟ್ಟಿನ ಹಣಕಾಸು ಸಮಿತಿ 2021ರಲ್ಲಿ ಪ್ರಕಟಿಸಿದ ತನಿಖಾ ವರದಿಯ ಪ್ರಕಾರ, ಸನೋಫಿ ಕಂಪನಿ ತನ್ನ ಇನ್ಸುಲಿನ್ನಿಗೆ ಕೇರ್‌ಮಾರ್ಕ್‌ನ ಪಟ್ಟಿಯಲ್ಲಿ ಆದ್ಯತೆ ಪಡೆಯಲು 2013ರಲ್ಲಿ ಬಿಡುತ್ತಿದ್ದ ರಿಬೇಟ್ ಶೇ. 2ರಿಂದ 4; 2018ರಲ್ಲಿ ಅದು ಶೇ. 56ರವರೆಗೆ ಏರಿತ್ತು. ಆಷಾಢದ ಸೇಲಿಗೆ ಮೊದಲು ಸೀರೆಯ ಚೀಟಿಯ ಮೇಲಿನ ಬೆಲೆ ಏರಿಸಿ ಆಮೇಲೆ ಅರ್ಧಕ್ಕೆ ಕೊಡುವ ಅಂಗಡಿ ನಮಗೆ ಹೊಸದಲ್ಲ. ಆದರೆ ಅಲ್ಲಿ ರಿಯಾಯಿತಿಯಾದರೂ ಸೀರೆ ಕೊಂಡವರಿಗೇ ಸಿಗುತ್ತದೆ. ಇಲ್ಲಿ ಬೆಲೆ ಏರಿದ್ದು ರೋಗಿಗೆ, ರಿಯಾಯಿತಿ ಹೋದದ್ದು ಮತ್ತೊಬ್ಬರಿಗೆ.

ಹಾಗೆಂದು ಎಲ್ಲ ತಪ್ಪನ್ನೂ ಪಿಬಿಎಂಗಳ ತಲೆಗೆ ಕಟ್ಟಿ ಔಷಧ ಕಂಪನಿಗಳು ಕೈತೊಳೆದುಕೊಳ್ಳುವುದನ್ನು ಒಪ್ಪಲಾಗದು. ಬೆಲೆ ಬರೆಯುವ ಲೇಖನಿ ಅವರ ಕೈಯಲ್ಲಿಯೇ ಇದೆ, ಪೇಟೆಂಟುಗಳ ಬೇಲಿ ಕಟ್ಟಿ ಎದುರಾಳಿಗಳನ್ನು ವರ್ಷಗಟ್ಟಲೆ ಹೊರಗಿಟ್ಟವರೂ ಅವರೇ. ಪಿಬಿಎಂಗಳ ವಾದದಲ್ಲಿಯೂ ಹುರುಳಿಲ್ಲದಿಲ್ಲ. ‘ನಾವು ಚೌಕಾಸಿ ಮಾಡದಿದ್ದರೆ ಕಂಪನಿಗಳು ಕೇಳಿದಷ್ಟನ್ನು ಕೊಡಬೇಕಾಗುತ್ತಿತ್ತು, ರಿಬೇಟನ್ನು ನಾವು ನುಂಗುವುದಿಲ್ಲ, ವಿಮೆಗೆ ಮರಳಿಸುತ್ತೇವೆ’ ಎನ್ನುತ್ತಾರೆ. ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್‌ನ ಔಷಧ ವಿಭಾಗದಲ್ಲಿ, ಅಂದರೆ ಪಾರ್ಟ್ ಡಿಯಲ್ಲಿ, 2016ರಲ್ಲಿ ಪಿಬಿಎಂಗಳು ರಿಬೇಟಿನ ಶೇ. 99.6ರಷ್ಟನ್ನು ವಿಮಾ ಯೋಜನೆಗಳಿಗೆ ದಾಟಿಸಿದ್ದವೆಂದು ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯೇ ಹೇಳಿದೆ. ವಿಮಾ ಯೋಜನೆಗಳು ಆ ಹಣದಿಂದ ಎಲ್ಲರ ಪ್ರೀಮಿಯಂ ಕಡಿಮೆ ಇಡುತ್ತವೆ.

ನನ್ನ ದೃಷ್ಟಿಯಲ್ಲಿ ನ್ಯಾಯದ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ರಿಬೇಟ್ ನೂರಕ್ಕೆ ನೂರು ದಾಟಿದರೂ ಅದು ದಾಟುವುದು ಯಾರಿಂದ ಯಾರಿಗೆ? ತಿಂಗಳು ತಿಂಗಳು ಇನ್ಸುಲಿನ್ ಕೊಳ್ಳುವ ರೋಗಿ ಏರಿದ ಪಟ್ಟಿ ಬೆಲೆಯ ಮೇಲೆ ತನ್ನ ಪಾಲು ಕಟ್ಟುತ್ತಾನೆ. ಅವನ ಔಷಧದಿಂದ ಹುಟ್ಟಿದ ರಿಬೇಟ್, ವರ್ಷಕ್ಕೊಮ್ಮೆ ಜ್ವರದ ಮಾತ್ರೆ ನುಂಗುವ ಆರೋಗ್ಯವಂತನ ಪ್ರೀಮಿಯಂ ತಗ್ಗಿಸುತ್ತದೆ. ಆರೋಗ್ಯವಂತರು ಕೂಡಿಟ್ಟ ಹಣ ರೋಗಿಯ ಕಷ್ಟಕ್ಕೆ ಒದಗಬೇಕೆಂಬುದು ವಿಮೆಯ ಮೂಲ ಉದ್ದೇಶ. ರಿಬೇಟಿನ ವ್ಯವಸ್ಥೆ ಅದನ್ನು ತಲೆಕೆಳಗು ಮಾಡಿದೆ. ದಲ್ಲಾಳಿ ಎಷ್ಟು ಕಮಿಷನ್ ಹೊಡೆದ ಎಂಬುದಕ್ಕಿಂತ, ಆ ಕಮಿಷನ್ ಯಾವ ಬೆಲೆಗೆ ಗಂಟು ಹಾಕಿಕೊಂಡಿದೆ ಎಂಬುದು ಇಲ್ಲಿ ಮುಖ್ಯ. ಕಾನೂನುಗಳನ್ನು ಅಳೆಯುವಾಗಲೂ ಇದೇ ಕೋಲನ್ನು ಹಿಡಿಯಬೇಕು.

ಮೊದಲ ಸುತ್ತಿನ ಕಾನೂನುಗಳು ಬಹಳ ಸಣ್ಣವು. ನಗದು ಕೊಟ್ಟರೆ ವಿಮೆಯ ಪಾಲಿಗಿಂತಲೂ ಅಗ್ಗವಾಗುತ್ತದೆ ಎಂದು ಫಾರ್ಮಸಿಸ್ಟ್ ಗಿರಾಕಿಗೆ ಹೇಳಬಾರದೆಂಬ ಷರತ್ತು ಕೆಲವು ಒಪ್ಪಂದಗಳಲ್ಲಿತ್ತು. 2013ರ ಬಿಲ್ಲುಗಳನ್ನು ಪರಿಶೀಲಿಸಿದ ಅಧ್ಯಯನವೊಂದರಲ್ಲಿ ಸುಮಾರು ಶೇ. 23ರಷ್ಟು ಚೀಟಿಗಳಲ್ಲಿ ರೋಗಿ ಕೊಟ್ಟ ಪಾಲೇ ಔಷಧದ ಬೆಲೆಗಿಂತ ಹೆಚ್ಚಿತ್ತು. ಈ ಬಾಯಿಬೀಗವನ್ನು 2018ರ ಅಕ್ಟೋಬರ್‌ನಲ್ಲಿ ಒಕ್ಕೂಟ ಸರ್ಕಾರ ಕಾನೂನಿನ ಮೂಲಕ ತೆಗೆಯಿತು. ಒಳ್ಳೆಯದೇ, ಆದರೆ ಇದು ಅಂಗಡಿಯವನಿಗೆ ಮಾತಾಡುವ ಅವಕಾಶ ಕೊಟ್ಟಿತೇ ಹೊರತು ಬೆಲೆಯನ್ನು ಮುಟ್ಟಲಿಲ್ಲ.

ಅದೇ ವರ್ಷ ಒಹಾಯೊ ರಾಜ್ಯದಲ್ಲಿ ಬೇರೊಂದು ಲೆಕ್ಕ ಬಯಲಾಯಿತು. ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್‌ನಿಂದ ಪಿಬಿಎಂಗಳು ಪಡೆದ ಹಣಕ್ಕೂ, ಅವು ಔಷಧದಂಗಡಿಗಳಿಗೆ ಕೊಟ್ಟ ಹಣಕ್ಕೂ ಒಂದು ವರ್ಷದಲ್ಲಿ 22.48 ಕೋಟಿ ಡಾಲರ್ ಅಂತರವಿದೆಯೆಂದು ರಾಜ್ಯದ ಲೆಕ್ಕಪರಿಶೋಧಕರು ವರದಿ ಮಾಡಿದರು. ಜೆನೆರಿಕ್ ಔಷಧಗಳ ಮಟ್ಟಿಗೆ ಈ ಅಂತರ ಶೇ. 31.4. ಇದಕ್ಕೆ ಸ್ಪ್ರೆಡ್ ಪ್ರೈಸಿಂಗ್ ಎನ್ನುತ್ತಾರೆ. ನಮ್ಮಲ್ಲಾದರೆ ‘ಅಲ್ಲೊಂದು ರೇಟು, ಇಲ್ಲೊಂದು ರೇಟು’ ಎಂದು ಹೇಳಿ ಮುಗಿಸುತ್ತಿದ್ದೆವು. ಅಂಗಡಿಯವನಿಗೆ ಸರ್ಕಾರ ಎಷ್ಟು ಕೊಟ್ಟಿತೆಂದು ತಿಳಿಯದು, ಸರ್ಕಾರಕ್ಕೆ ಅಂಗಡಿಗೆ ಎಷ್ಟು ಮುಟ್ಟಿತೆಂದು ತಿಳಿಯದು. ಎರಡೂ ತಿಳಿದವನು ನಡುವಿನವನೊಬ್ಬನೇ. ಒಹಾಯೊ 2022ರಲ್ಲಿ ಮೆಡಿಕೇಡ್‌ಗಾಗಿ ಒಂದೇ ಪಿಬಿಎಂ ನೇಮಿಸಿಕೊಂಡು ಅದರ ಲೆಕ್ಕವನ್ನು ನೇರವಾಗಿ ತಾನೇ ನೋಡತೊಡಗಿತು. ಪಶ್ಚಿಮ ವರ್ಜೀನಿಯಾ ಇನ್ನೂ ಮುಂದೆ ಹೋಗಿ, 2017ರಲ್ಲಿಯೇ ಮೆಡಿಕೇಡ್ ಔಷಧದ ಪಾವತಿಯನ್ನು ಖಾಸಗಿ ವಿಮಾ ಯೋಜನೆಗಳ ಕೈಯಿಂದ ಬಿಡಿಸಿ ತಾನೇ ವಹಿಸಿಕೊಂಡಿತು.

ಸರ್ಕಾರವೇ ಹಣ ಕೊಡುವ ಕಡೆ ಇಂಥ ಬದಲಾವಣೆ ಸುಲಭ. ಕಂಪನಿಗಳು ತಮ್ಮ ನೌಕರರಿಗೆ ಕೊಡುವ ವಿಮೆಯ ವಿಷಯಕ್ಕೆ ಬಂದರೆ 1974ರ ಎರಿಸಾ ಎಂಬ ಕಾಯ್ದೆ ಅಡ್ಡ ನಿಲ್ಲುತ್ತದೆ. ಇಂಥ ಯೋಜನೆಗಳು ಒಕ್ಕೂಟದ ಕಾನೂನಿಗೆ ಒಳಪಟ್ಟವು, ರಾಜ್ಯಗಳು ಕೈ ಹಾಕುವಂತಿಲ್ಲ ಎಂಬುದು ಅದರ ಸಾರ. ಅಂಗಡಿ ಔಷಧ ಕೊಂಡ ಬೆಲೆಗಿಂತ ಕಡಿಮೆ ಹಣವನ್ನು ಪಿಬಿಎಂಗಳು ಅದಕ್ಕೆ ಕೊಡಬಾರದೆಂದು ಆರ್ಕನ್ಸಾ ರಾಜ್ಯ 2015ರಲ್ಲಿ ಕಾನೂನು ಮಾಡಿದಾಗ ಪಿಬಿಎಂಗಳ ಸಂಘ ನ್ಯಾಯಾಲಯಕ್ಕೆ ಹೋಯಿತು. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ 8-0 ಅಂತರದಲ್ಲಿ ರಾಜ್ಯದ ಪರ ತೀರ್ಪಿತ್ತಿತು. ಆದರೆ ಒಕ್ಲಹೋಮಾ ರಾಜ್ಯ ವಿಮೆ ನಡೆಯುವ ಅಂಗಡಿಗಳ ಜಾಲ ಹೇಗಿರಬೇಕೆಂಬ ಬಗ್ಗೆ ನಿಯಮ ಮಾಡಿದಾಗ ಮೇಲ್ಮನವಿ ನ್ಯಾಯಾಲಯ 2023ರಲ್ಲಿ ಅದನ್ನು ತಡೆಯಿತು, ಸುಪ್ರೀಂ ಕೋರ್ಟ್ 2025ರಲ್ಲಿ ಆ ಮೊಕದ್ದಮೆಯನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಬೆಲೆಯ ಬಗ್ಗೆ ರಾಜ್ಯ ಮಾತಾಡಬಹುದು, ವಿಮಾ ಯೋಜನೆಯ ರಚನೆಯ ಬಗ್ಗೆ ಮಾತಾಡಬಾರದು ಎಂಬಲ್ಲಿಗೆ ಸದ್ಯ ಗೆರೆ ಬಂದು ನಿಂತಿದೆ.

ಎಲ್ಲಕ್ಕಿಂತ ಒರಟಾದ ಹೆಜ್ಜೆಯೂ ಆರ್ಕನ್ಸಾದ್ದೇ. ಪಿಬಿಎಂ ಒಡೆತನದ ಔಷಧದಂಗಡಿಗಳು ರಾಜ್ಯದಲ್ಲಿ ಇರಲೇಬಾರದೆಂಬ ಕಾಯ್ದೆಗೆ 2025ರ ಏಪ್ರಿಲ್‌ನಲ್ಲಿ ಅಲ್ಲಿನ ಗವರ್ನರ್ ಸಹಿ ಹಾಕಿದರು. ಜುಲೈನಲ್ಲಿ ಫೆಡರಲ್ ನ್ಯಾಯಾಧೀಶರು ಅದಕ್ಕೆ ತಡೆ ಕೊಟ್ಟರು. ಕಾಯ್ದೆಯ ಹಿಂದಿನ ಅನುಮಾನಕ್ಕೆ ಆಧಾರವಿದೆ. 2017ರಿಂದ 2022ರ ನಡುವೆ ಮೂರು ದೊಡ್ಡ ಪಿಬಿಎಂಗಳಿಗೆ ಸೇರಿದ ಔಷಧದಂಗಡಿಗಳು ಕ್ಯಾನ್ಸರ್, ಎಚ್‌ಐವಿಯಂಥ ಕಾಯಿಲೆಗಳ ವಿಶೇಷ ಜೆನೆರಿಕ್ ಔಷಧಗಳಲ್ಲಿ ಅಂದಾಜು ಖರೀದಿ ಬೆಲೆಗಿಂತ 730 ಕೋಟಿ ಡಾಲರಿಗೂ ಹೆಚ್ಚು ಗಳಿಸಿದವು ಎಂದು ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ವರದಿ ಮಾಡಿದೆ. ಆದರೂ ಒಂದು ಊರಿನಲ್ಲಿ ಉಳಿದಿರುವ ಏಕೈಕ ಮೆಡಿಕಲ್ ಶಾಪ್ ಸಿವಿಎಸ್‌ನದೇ ಆಗಿದ್ದರೆ ಅದನ್ನು ಮುಚ್ಚಿಸಿ ರೋಗಿಗೆ ಆಗುವ ಲಾಭವೇನು ಎಂಬ ಪ್ರಶ್ನೆ ಉಳಿದೇ ಇರುತ್ತದೆ. 2013ರಿಂದ 2022ರ ನಡುವೆ ಅಮೆರಿಕದ ಗ್ರಾಮಾಂತರದಲ್ಲಿ ಸುಮಾರು ಶೇ. 10ರಷ್ಟು ಸ್ವತಂತ್ರ ಔಷಧದಂಗಡಿಗಳು ಬಾಗಿಲು ಹಾಕಿವೆ; ಇನ್ನಷ್ಟು ಬಾಗಿಲು ಮುಚ್ಚುವುದು ಅವುಗಳನ್ನು ಮತ್ತೆ ತೆರೆಸುವುದಿಲ್ಲ.

ರಿಬೇಟನ್ನೇ ಕಿತ್ತುಹಾಕುವ ಯತ್ನವೂ ನಡೆದಿತ್ತು. ಟ್ರಂಪ್ ಅವರ ಮೊದಲ ಅವಧಿಯ ಸರ್ಕಾರ, ಮೆಡಿಕೇರ್‌ನಲ್ಲಿ ರಿಬೇಟ್ ಏನಿದ್ದರೂ ಕೌಂಟರಿನಲ್ಲಿ ರೋಗಿಗೇ ಸಿಗಬೇಕೆಂಬ ನಿಯಮವನ್ನು 2020ರಲ್ಲಿ ಹೊರಡಿಸಿತು. ಕೇಳಲು ಇದಕ್ಕಿಂತ ನ್ಯಾಯವಾದದ್ದು ಇನ್ನೊಂದಿಲ್ಲ. ಆದರೆ ಪ್ರೀಮಿಯಂ ಏರಿ, ಅದಕ್ಕೆ ಸರ್ಕಾರ ಕೊಡುವ ಸಹಾಯಧನವೂ ಏರಿ, ಹತ್ತು ವರ್ಷದಲ್ಲಿ ಖಜಾನೆಗೆ ಸುಮಾರು 17,700 ಕೋಟಿ ಡಾಲರ್ ಹೊರೆಯಾಗುತ್ತದೆಂದು ಸಂಸತ್ತಿನ ಬಜೆಟ್ ಕಚೇರಿ ಮೊದಲೇ ಅಂದಾಜಿಸಿತ್ತು. ನಿಯಮ ಜಾರಿಯಾಗಲೇ ಇಲ್ಲ. 2022ರ ಕಾಯ್ದೆಯೊಂದು ಅದನ್ನು 2032ಕ್ಕೆ ಮುಂದೂಡಿತು. ಜಾರಿಯಾಗದ ನಿಯಮವನ್ನು ಮುಂದೂಡಿದ್ದನ್ನೇ ‘ಉಳಿತಾಯ’ ಎಂದು ಬಜೆಟ್ಟಿನಲ್ಲಿ ತೋರಿಸಿಕೊಂಡದ್ದು ಈ ಪ್ರಸಂಗದ ತಮಾಷೆ. ರೋಗಿಯ ಜೇಬಿನಿಂದ ಪ್ರೀಮಿಯಂಗೆ ಹರಿಯುವ ಹಣ ಎಷ್ಟು ದೊಡ್ಡದೆಂದು ಆ ಅಂದಾಜು ತನಗೆ ಗೊತ್ತಿಲ್ಲದೆಯೇ ಒಪ್ಪಿಕೊಂಡಿತು.

2024ರ ಡಿಸೆಂಬರ್‌ನಲ್ಲಿ ಎರಡೂ ಪಕ್ಷಗಳು ಒಪ್ಪಿದ್ದ ಪಿಬಿಎಂ ಸುಧಾರಣೆಗಳು ವರ್ಷಾಂತ್ಯದ ವೆಚ್ಚ ಮಸೂದೆಯೊಳಗೆ ಸೇರಿದ್ದವು; ಸಾವಿರದೈನೂರಕ್ಕೂ ಹೆಚ್ಚು ಪುಟಗಳ ಆ ಮಸೂದೆಯನ್ನು ಟ್ರಂಪ್ ಮತ್ತು ಎಲಾನ್ ಮಸ್ಕ್ ವಿರೋಧಿಸಿದ್ದರಿಂದ ಕೊನೆ ಗಳಿಗೆಯಲ್ಲಿ ಬಿದ್ದುಹೋದವು. ಅವುಗಳ ಮುಖ್ಯ ಭಾಗ 2026ರ ಫೆಬ್ರವರಿಯಲ್ಲಿ ಸಹಿಯಾದ ವೆಚ್ಚ ಮಂಜೂರಾತಿ ಕಾಯ್ದೆಯ ಮೂಲಕ ಕಾನೂನಾಯಿತು. ಮೆಡಿಕೇರ್ ಪಾರ್ಟ್ ಡಿಯಲ್ಲಿ 2028ರಿಂದ ಪಿಬಿಎಂಗಳ ಸಂಭಾವನೆ ಸೇವೆಗೆ ತಕ್ಕ ನಿಗದಿತ ಶುಲ್ಕವಾಗಿರಬೇಕು, ಔಷಧದ ಬೆಲೆಗೆ ಅಥವಾ ರಿಬೇಟಿಗೆ ಅದನ್ನು ಜೋಡಿಸುವಂತಿಲ್ಲ. ನಾನು ಮೇಲೆ ಹೇಳಿದ ಕೋಲಿನಿಂದ ಅಳೆದರೆ ಇದುವರೆಗಿನ ಕ್ರಮಗಳಲ್ಲಿ ಸರಿಯಾದ ಗಂಟಿಗೆ ಕೈ ಹಾಕಿದ್ದು ಇದೇ. ಡಬ್ಬಿಯೊಂದಕ್ಕೆ ಇಂತಿಷ್ಟು ಎಂದು ಕೂಲಿ ಸಿಗುವುದಾದರೆ 404 ಡಾಲರಿನ ಡಬ್ಬಿಯ ಮೇಲೆ ಪ್ರೀತಿ ಇಟ್ಟುಕೊಳ್ಳಲು ಪಿಬಿಎಂಗೆ ಕಾರಣ ಉಳಿಯುವುದಿಲ್ಲ.

ಇನ್ಸುಲಿನ್ ಬೆಲೆಯ ವಿಷಯದಲ್ಲಿ ಮೂರೂ ಪಿಬಿಎಂಗಳ ಮೇಲೆ 2024ರ ಸೆಪ್ಟೆಂಬರ್‌ನಲ್ಲಿ ಟ್ರೇಡ್ ಕಮಿಷನ್ ಹೂಡಿದ ಮೊಕದ್ದಮೆಯಲ್ಲಿ ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್ ರಾಜಿಗೆ ಬಂದದ್ದೂ 2026ರ ಫೆಬ್ರವರಿಯಲ್ಲಿಯೇ. ಒಂದೇ ಔಷಧದ ಅಗ್ಗದ ರೂಪ ಇರುವಾಗ ದುಬಾರಿ ರೂಪಕ್ಕೆ ತನ್ನ ಸಾಮಾನ್ಯ ಪಟ್ಟಿಗಳಲ್ಲಿ ಆದ್ಯತೆ ಕೊಡುವುದಿಲ್ಲವೆಂದು ಅದು ಒಪ್ಪಿತು. ರಿಬೇಟ್ ಸಂಗ್ರಹಿಸಲು ಸ್ವಿಟ್ಜರ್ಲೆಂಡಿನಲ್ಲಿ ಇಟ್ಟುಕೊಂಡಿದ್ದ ಅಸೆಂಟ್ ಎಂಬ ಅಂಗಸಂಸ್ಥೆಯನ್ನು ಅಮೆರಿಕಕ್ಕೆ ತರಲೂ ಒಪ್ಪಿತು. ಈ ಎರಡನೆಯ ಷರತ್ತು ಸಣ್ಣದಲ್ಲ. ‘ರಿಬೇಟ್ ಪೂರ್ತಿ ದಾಟಿಸುತ್ತೇವೆ’ ಎಂಬ ಮಾತು ಅಕ್ಷರಶಃ ನಿಜವಾಗಿರುತ್ತಲೇ, ಅದೇ ಹಣದ ಒಂದು ಪಾಲು ‘ಆಡಳಿತ ಶುಲ್ಕ’, ‘ದತ್ತಾಂಶ ಶುಲ್ಕ’ ಎಂಬ ಹೆಸರಿನಲ್ಲಿ ಇಂಥ ದೂರದ ಅಂಗಸಂಸ್ಥೆಗಳಲ್ಲಿ ಉಳಿಯಬಹುದಾಗಿತ್ತು. ಹೊಸ ಕಾಯ್ದೆಯಲ್ಲಿಯೂ ಸೋರಿಕೆ ಆಗುವುದಾದರೆ ಇಲ್ಲಿಯೇ: ‘ಸೇವೆಗೆ ತಕ್ಕ ಶುಲ್ಕ’ ಎಂದರೆ ಎಷ್ಟು, ಅದನ್ನು ಯಾರು ಅಳೆಯುತ್ತಾರೆ ಎಂಬಲ್ಲಿ.

ನಾವು ದೂರ ಕುಳಿತು ನಗುವಂತಿಲ್ಲ. 2013ರ ಬೆಲೆ ನಿಯಂತ್ರಣ ಆದೇಶ ನಮ್ಮಲ್ಲಿ ಅಗತ್ಯ ಔಷಧಗಳಿಗೆ ಗರಿಷ್ಠ ಬೆಲೆ ಕಟ್ಟಿ, ಅದರಲ್ಲಿ ಚಿಲ್ಲರೆ ಅಂಗಡಿಗೆ ಶೇ. 16ರ ಲಾಭವನ್ನು ಲೆಕ್ಕ ಹಿಡಿದಿದೆ. ಆ ಪಟ್ಟಿಯ ಹೊರಗಿನ ಎಷ್ಟೋ ಜೆನೆರಿಕ್ ಮಾತ್ರೆಗಳ ಸ್ಟ್ರಿಪ್ಪಿನ ಮೇಲೆ ಅಂಗಡಿಗೆ ಬಿದ್ದ ಬೆಲೆಯ ಹಲವು ಪಟ್ಟು ಎಂಆರ್‌ಪಿ ಅಚ್ಚಾಗಿರುತ್ತದೆ. ಹೆಚ್ಚು ಎಂಆರ್‌ಪಿ ಇದ್ದದ್ದೇ ಅಂಗಡಿಯವನಿಗೆ ಹೆಚ್ಚು ಇಷ್ಟ. 2019ರಲ್ಲಿ 42 ಕ್ಯಾನ್ಸರ್ ಔಷಧಗಳಿಗೆ ವ್ಯಾಪಾರದ ಲಾಭ ಶೇ. 30 ಮೀರಬಾರದೆಂದು ಮಿತಿ ಹಾಕಬೇಕಾಗಿ ಬಂದದ್ದು ಇದೇ ಕಾರಣಕ್ಕೆ.

ಆ ಇನ್ಸುಲಿನ್ನಿಗೆ ಈಗ ಮೂರನೆಯ ಡಬ್ಬಿಯೊಂದು ಬಂದಿದೆ. ಕ್ಯಾಲಿಫೋರ್ನಿಯಾ ರಾಜ್ಯ, ಲಾಭರಹಿತ ಸಂಸ್ಥೆಯಾದ ಸಿವಿಕಾ ಜೊತೆ ಸೇರಿ 2026ರ ಜನವರಿಯಿಂದ ಕ್ಯಾಲ್‌ಆರ್‌ಎಕ್ಸ್ ಎಂಬ ಸ್ವಂತ ಹೆಸರಿನಲ್ಲಿ ಇನ್ಸುಲಿನ್ ಗ್ಲಾರ್ಜಿನ್ ಪೆನ್ನುಗಳನ್ನು ಮಾರುತ್ತಿದೆ. ತಯಾರಿಸಿ ಕೊಡುವುದು ಅದೇ ಬಯೋಕಾನ್ ಬಯಾಲಜಿಕ್ಸ್. ರಿಬೇಟ್ ಇಲ್ಲ, ಗುಟ್ಟಿನ ಬೆಲೆ ಇಲ್ಲ. ಐದು ಪೆನ್ನುಗಳಿಗೆ ಗ್ರಾಹಕ ಕೊಡಬೇಕಾದ ಬೆಲೆ ಹೆಚ್ಚೆಂದರೆ 55 ಡಾಲರ್.